ಹವ್ಯಾಸದ ಕಥೆಗಾರನೂ ಕದಲದ ಉಪಗ್ರಹವೂ

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ 'ರೈಟರು' ಎಂಬ ಮಾತಿಗೆ ಬೇರೆಯೇ ಅರ್ಥವುಂಟು. ಅಲ್ಲಿ ರೈಟರೆಂದರೆ ಕಥೆ ಕಾದಂಬರಿಗಳನ್ನು ಬರೆಯುವವರಲ್ಲ. ಆಳುಗಳ ಹಾಜರಿಯನ್ನೂ, ಕೊಯ್ದ ಹಣ್ಣಿನ ತೂಕವನ್ನೂ, ಬಿದ್ದ ಮಳೆಯ ಇಂಚು ಸೆಂಟುಗಳನ್ನೂ ದಿನದಿನವೂ ಪುಸ್ತಕಕ್ಕೇರಿಸುವ ತೋಟದ ಗುಮಾಸ್ತರು. ನಮಗೆ ಇಂತಹ ಒಬ್ಬ ರೈಟರ ಸ್ನೇಹವುಂಟು. ಅವರು ಎರಡು ಅರ್ಥದಲ್ಲಿಯೂ ರೈಟರು: ಹಗಲು ಹಾಜರಿ, ರಾತ್ರಿ ಕಥೆ. ಅದರಲ್ಲಿಯೂ ವಿಜ್ಞಾನದ ಕಥೆಗಳೆಂದರೆ ಅವರಿಗೆ ಊಟ ಬೇಡ. ನಾವಾದರೋ ಹಗಲು ಕಾಲೇಜಿನಲ್ಲಿ ಭೌತವಿಜ್ಞಾನದ ಪಾಠ ಹೇಳಿ, ರಾತ್ರಿ ಅದೇ ಗೀಳಿಗೆ ಕೂರುವವರು. ಈ ಹವ್ಯಾಸದಿಂದ ನಮ್ಮಿಬ್ಬರಲ್ಲಿ ಯಾರಿಗೂ ಇದುವರೆಗೆ ಕಾಗದದ ಖರ್ಚು ಕೂಡ ಗಿಟ್ಟಿಲ್ಲ.

ವಿಜ್ಞಾನವನ್ನು ಬೋಧಿಸುವವರಿಗೆ ಇಲ್ಲದ್ದನ್ನು ಉಂಟೆಂದು ಬರೆಯುವ ಚಪಲವೇಕೆ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ ಸರಿ. ಹವ್ಯಾಸಿಯ ದಿನಚರಿಯನ್ನು ಕೊಂಚ ಬಿಚ್ಚಿ ತೋರಿಸಿದರೆ ಉತ್ತರವು ತಾನಾಗಿ ತಿಳಿದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಆ ದಿನಚರಿಯಲ್ಲಿ ರೋಚಕವಾದುದೇನೂ ಇಲ್ಲ. ಮಳೆಗಾಲದ ಸಂಜೆ ವಿದ್ಯುತ್ತು ಹೋದರೆ ಮತ್ತೆ ಯಾವಾಗ ಬರುವುದೆಂದು ಹೇಳುವವರಿಲ್ಲ. ಮೇಜಿನ ಒಂದು ಮಗ್ಗುಲಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು, ಇನ್ನೊಂದು ಮಗ್ಗುಲಲ್ಲಿ ಕಥೆಯ ನೋಟ್‌ಬುಕ್ಕು. ಕಥೆ ಒಂದು ವಾಕ್ಯ ಮುಂದೆ ಸಾಗಬೇಕಾದರೆ ಹತ್ತು ಸಲ ಲೆಕ್ಕ ಹಾಕಬೇಕಾಗುತ್ತದೆ. ಒಂದು ಉದಾಹರಣೆಯನ್ನು ಹೇಳುವೆವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಘಟ್ಟವಿಳಿಯುವ ರೈಲುದಾರಿಯಲ್ಲಿ ೫೭ ಸುರಂಗಗಳಿವೆ. ಇಳಿಜಾರು ಕಡಿದಾದಲ್ಲಿ ೫೦ ಮೀಟರಿಗೆ ೧ ಮೀಟರು. ಬ್ರೇಕು ಕೆಟ್ಟ ರೈಲೊಂದು ಈ ಘಟ್ಟದಲ್ಲಿ ಜಾರುವುದಾಗಿಯೂ, ನಮ್ಮ ನಾಯಕನು ಕಡೆಯ ಸುರಂಗದ ಬಾಯಲ್ಲಿ ಅದರಿಂದ ಹಾರಿ ಬದುಕುವುದಾಗಿಯೂ ಒಮ್ಮೆ ಕಲ್ಪಿಸಿದೆವು. ರೈಲು ೭೦೦ ಮೀಟರು ಇಳಿಯಿತೆಂದು ಹಿಡಿಯೋಣ. ಘರ್ಷಣೆಯನ್ನೂ ಗಾಳಿಯ ತಡೆಯನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಅದರ ವೇಗದ ವರ್ಗವು ೨ × ೯.೮ × ೭೦೦ ಆಗುತ್ತದೆ. ವರ್ಗಮೂಲ ತೆಗೆದರೆ ಸೆಕೆಂಡಿಗೆ ೧೧೭ ಮೀಟರು, ಎಂದರೆ ಗಂಟೆಗೆ ಸುಮಾರು ೪೨೦ ಕಿಲೋಮೀಟರು! ತಿರುವುಗಳೇ ತುಂಬಿದ ಆ ದಾರಿಯಲ್ಲಿ ಇದರ ಅರ್ಧ ವೇಗ ಬರುವ ಮೊದಲೇ ರೈಲು ಹಳಿ ಬಿಟ್ಟಿರುತ್ತದೆ. ನಾಯಕನಿಗೆ ಕಡೆಯ ಸುರಂಗವೇ ಬರುವುದಿಲ್ಲ. ಕಥೆ ಅಲ್ಲಿಗೇ ಸತ್ತಿತು. ಆದರೆ, ದಿನವೂ ಕ್ಷೇಮವಾಗಿ ಇಳಿಯುವ ರೈಲು ಅಷ್ಟೊಂದು ಶಕ್ತಿಯನ್ನು ಎಲ್ಲಿ ಸುರಿಯುತ್ತದೆ ಎಂಬ ಪ್ರಶ್ನೆ ಉಳಿಯಿತು. ಮರುದಿನದ ತರಗತಿಗೆ ಅದೇ ಪಾಠವಾಯಿತು.

ನಮ್ಮ ಮಾನ ಹೋದ ಕಥೆ ಬೇರೆ. ಅದು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಿ ಹೋದುದರಿಂದ ಮುಚ್ಚಿಡುವಂತಿಲ್ಲ. ಸಕಲೇಶಪುರದ ಹತ್ತಿರ ಟಿಪ್ಪು ಸುಲ್ತಾನನು ೧೭೯೨ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಎಂಟು ಮೂಲೆಗಳ ನಕ್ಷತ್ರದ ಆಕಾರದ್ದು. ನಮ್ಮ ಕಥೆಯ ವಿಜ್ಞಾನಿಯು ಮಂಜು ಹರಿದ ಒಂದು ರಾತ್ರಿ ಆ ಕೋಟೆಯ ಗೋಡೆಯ ಮೇಲೆ ನಿಂತು, ಆಲೂರಿನ ದಿಕ್ಕಿನಲ್ಲಿ ನಮ್ಮ ದೇಶದ ದೂರದರ್ಶನದ ಉಪಗ್ರಹವು ಶುಕ್ರನಂತೆ ಬೆಳಗುತ್ತ ಉದಯಿಸುವುದನ್ನು ನೋಡುತ್ತಾನೆ. ವರ್ಣನೆ ಚೆನ್ನಾಗಿತ್ತೆಂದು ಸಹೋದ್ಯೋಗಿಗಳು ಹೊಗಳಿದರು. ರೈಟರು ಸಂಚಿಕೆಯನ್ನು ಒಂದು ವಾರ ಇಟ್ಟುಕೊಂಡಿದ್ದು ಹಿಂದಿರುಗಿಸುವಾಗ ಒಂದೇ ಮಾತು ಕೇಳಿದರು:

"ಮೇಷ್ಟ್ರೇ, ಉಪಗ್ರಹ ಹುಟ್ಟಿ ಮುಳುಗೋದಾದ್ರೆ ನಮ್ಮ ಲೈನ್ ಮನೆ ಮೇಲಿನ ಟೀವಿ ತಟ್ಟೆ ತಿರುಗಿಸೋರು ಯಾರು?"

ನಮ್ಮ ಬಾಯಿ ಕಟ್ಟಿತು. ಲೈನ್ ಮನೆಯ ಹೆಂಚಿನ ಪಕ್ಕದಲ್ಲಿ ಬೋಲ್ಟು ಬಿಗಿದು ಕೂರಿಸಿದ ತಟ್ಟೆ ವರ್ಷಗಟ್ಟಲೆ ಒಂದೇ ಕಡೆಗೆ ಮುಖ ಮಾಡಿ ನಿಂತಿದೆ. ಆದುದರಿಂದ ಅದು ನೋಡುತ್ತಿರುವ ಉಪಗ್ರಹವೂ ಆಕಾಶದ ಒಂದೇ ಜಾಗದಲ್ಲಿ ನಿಂತಿರಲೇಬೇಕು. ಇದು ಉಪನ್ಯಾಸಕರಿಗೆ ತಿಳಿಯದ ಸಂಗತಿಯಲ್ಲ. ಬರೆಯುವ ಹೊತ್ತಿಗೆ ನೆನಪಾಗದ ಸಂಗತಿ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವು ಮುಸ್ಸಂಜೆಯಲ್ಲಿ ತಲೆಯ ಮೇಲೆ ಹಾದುಹೋಗುವುದನ್ನು ನಾವು ಕಂಡಿದ್ದೆವು. ಭೂಮಿಯಿಂದ ಸುಮಾರು ೪೦೦ ಕಿಲೋಮೀಟರು ಎತ್ತರದಲ್ಲಿ ಅದು ತೊಂಬತ್ತು ಚಿಲ್ಲರೆ ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಆ ದೃಶ್ಯವನ್ನೇ ತಂದು ದೂರದರ್ಶನದ ಉಪಗ್ರಹಕ್ಕೆ ಅಂಟಿಸಿದ್ದೆವು. ಅದರಲ್ಲಿಯೂ ತಪ್ಪು: ನಿಲ್ದಾಣವು ಏಳುವುದು ಪಶ್ಚಿಮದ ಕಡೆಯಿಂದ, ಆಲೂರು ಇರುವುದು ಪೂರ್ವಕ್ಕೆ!

ನಿಲ್ಲುವ ಉಪಗ್ರಹ ಎಷ್ಟು ಎತ್ತರದಲ್ಲಿರಬೇಕು? ಇದನ್ನು ತಿಳಿಯಲು ದೊಡ್ಡ ಗ್ರಂಥವೇನೂ ಬೇಡ, ಚಂದ್ರನೊಬ್ಬನಿದ್ದರೆ ಸಾಕು. ಚಂದ್ರನು ಭೂಕೇಂದ್ರದಿಂದ ಸುಮಾರು ೩,೮೪,೦೦೦ ಕಿಲೋಮೀಟರು ದೂರದಲ್ಲಿ ೨೭.೩ ದಿನಗಳಿಗೊಮ್ಮೆ ಸುತ್ತುತ್ತಾನೆ. ಕೆಪ್ಲರನ ಮೂರನೆಯ ನಿಯಮದಂತೆ ಸುತ್ತುವ ಕಾಲದ ವರ್ಗವು ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ನಮ್ಮ ಉಪಗ್ರಹವು ಭೂಮಿಯೊಂದಿಗೆ ಹೆಜ್ಜೆ ಹಾಕಬೇಕಾದರೆ ಒಂದು ದಿನದಲ್ಲಿ ಒಂದು ಸುತ್ತು ಬರಬೇಕು. ಅದರ ಕಾಲವು ಚಂದ್ರನ ಕಾಲಕ್ಕಿಂತ ೨೭.೩ ಪಾಲು ಕಡಮೆ. ೨೭.೩ರ ವರ್ಗ ೭೪೫. ಅದರ ಘನಮೂಲ ಸುಮಾರು ೯.೦೭. ಚಂದ್ರನ ದೂರವನ್ನು ಇದರಿಂದ ಭಾಗಿಸಿದರೆ ೪೨,೩೦೦ ಕಿಲೋಮೀಟರು ಚಿಲ್ಲರೆ ಬರುತ್ತದೆ. ನಿಖರವಾದ ಬೆಲೆ ೪೨,೧೬೪. ಚಂದ್ರನ ದ್ರವ್ಯರಾಶಿಯನ್ನು ಬಿಟ್ಟುದರಿಂದಲೂ, ಸಂಖ್ಯೆಗಳನ್ನು ಮೊಟಕು ಮಾಡಿದುದರಿಂದಲೂ ಈ ಸಣ್ಣ ವ್ಯತ್ಯಾಸ. ಭೂಮಿಯ ತ್ರಿಜ್ಯವನ್ನು ಕಳೆದರೆ ನೆಲದಿಂದ ಎತ್ತರ ಸುಮಾರು ೩೬,೦೦೦ ಕಿಲೋಮೀಟರು. ಅದು ಸಮಭಾಜಕವೃತ್ತದ ನೇರಕ್ಕೆ ಇರಬೇಕಾದುದೂ ಅವಶ್ಯ. ಇಲ್ಲವಾದರೆ ದಿನವೂ ಉತ್ತರ ದಕ್ಷಿಣಗಳಿಗೆ ತೂಗಾಡುತ್ತದೆ. ಅಷ್ಟು ದೂರದ ಉಪಗ್ರಹವು ಬರಿಗಣ್ಣಿಗೆ ಕಾಣುವುದೂ ಇಲ್ಲ. ಶುಕ್ರನಂತೆ ಬೆಳಗುವ ಮಾತು ಎಲ್ಲಿಂದ ಬಂತು! ಒಂದು ವಾಕ್ಯದಲ್ಲಿ ಮೂರು ತಪ್ಪು. ವಿದ್ಯಾರ್ಥಿಯ ಉತ್ತರಪತ್ರಿಕೆಯಾಗಿದ್ದರೆ ನಾವೇ ಸೊನ್ನೆ ಹಾಕುತ್ತಿದ್ದೆವು.

ಲೆಕ್ಕವನ್ನು ಮುಂದುವರಿಸಿ, ೮೩ ಡಿಗ್ರಿ ಪೂರ್ವರೇಖಾಂಶದ ಮೇಲೆ ನಿಲ್ಲಿಸಿದ ಉಪಗ್ರಹವು ಸಕಲೇಶಪುರದಿಂದ ಎಲ್ಲಿ ಕಾಣಬೇಕೆಂದು ಹುಡುಕಿದೆವು. ದಕ್ಷಿಣದಿಂದ ಪೂರ್ವಕ್ಕೆ ಸುಮಾರು ೩೦ ಡಿಗ್ರಿ ವಾಲಿದ ದಿಕ್ಕಿನಲ್ಲಿ, ದಿಗಂತದಿಂದ ೭೩ ಡಿಗ್ರಿ ಎತ್ತರದಲ್ಲಿ, ಎಂದರೆ ನೆತ್ತಿಗೆ ಸಮೀಪದಲ್ಲಿ ಅದು ನಿಂತಿರಬೇಕು. ನಾಯಕನು ಆಲೂರಿನ ಕಡೆ ನೋಡುವುದರ ಬದಲು ಕತ್ತನ್ನು ಹಿಂದಕ್ಕೆ ಬಾಗಿಸಬೇಕಾಗಿತ್ತು. ಆದರೂ ಆ ದಿಕ್ಕಿನಲ್ಲಿ ಉಪಗ್ರಹಕ್ಕೆ ಸಂಬಂಧಪಟ್ಟುದು ಒಂದುಂಟು. ಆಲೂರಿನಿಂದ ಮುಂದೆ ಹಾಸನದಲ್ಲಿ ೧೯೮೨ರಲ್ಲಿ ಸ್ಥಾಪನೆಯಾದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಿದೆ. 'ನಿಂತಿರುವ' ಉಪಗ್ರಹವು ನಿಜವಾಗಿ ತಾನಾಗಿಯೇ ನಿಲ್ಲುವುದಿಲ್ಲ. ಸೂರ್ಯ ಚಂದ್ರರ ಸೆಳೆತವೂ, ಭೂಮಿಯು ಪೂರ್ತಿ ದುಂಡಗಿಲ್ಲದಿರುವುದೂ ಸೇರಿ ಅದನ್ನು ಜಾಗದಿಂದ ಮೆಲ್ಲಗೆ ಸರಿಸುತ್ತವೆ. ಹಾಸನದ ಕೇಂದ್ರದವರು ಅದನ್ನು ಗಮನಿಸುತ್ತಿದ್ದು, ಆಗಾಗ ಅದರ ಪುಟ್ಟ ರಾಕೆಟ್ಟುಗಳನ್ನು ಉರಿಸಿ ಮತ್ತೆ ಜಾಗಕ್ಕೆ ತರುತ್ತಾರೆ. ಅದೇ ೧೯೮೨ರ ಏಪ್ರಿಲಿನಲ್ಲಿ ಹಾರಿಸಿದ ಇನ್ಸಾಟ್-೧ಎ ಉಪಗ್ರಹವು ಹೊರಳುವಿಕೆಯನ್ನು ಸರಿಪಡಿಸುವ ಇಂಧನವು ತೀರಿದುದರಿಂದ ಸೆಪ್ಟೆಂಬರಿನಲ್ಲಿಯೇ ನಿರುಪಯುಕ್ತವಾಯಿತು. ಲೈನ್ ಮನೆಯ ತಟ್ಟೆಯನ್ನು ತಿರುಗಿಸುವವರು ಯಾರು ಎಂಬ ರೈಟರ ಪ್ರಶ್ನೆಗೆ ಉತ್ತರ ಹೀಗೆ ಹಾಸನದಲ್ಲಿ ಸಿಕ್ಕಿತು: ತಟ್ಟೆಯನ್ನು ತಿರುಗಿಸಬೇಕಾಗದಂತೆ ನೋಡಿಕೊಳ್ಳುವವರು ಅಲ್ಲಿದ್ದಾರೆ.

ಇನ್ನೊಂದು ವಿಚಿತ್ರವನ್ನು ಕೇಳಿ. ಇಂತಹ ಉಪಗ್ರಹಗಳಿಂದ ಲೋಕಕ್ಕೆಲ್ಲ ವಾರ್ತೆಯನ್ನು ಹಂಚಬಹುದೆಂದು ಲೆಕ್ಕ ಸಹಿತ ಬರೆದು ಪ್ರಕಟಿಸಿದವರೂ ಒಬ್ಬ ಹವ್ಯಾಸಿಯೇ. ಆರ್ಥರ್ ಸಿ. ಕ್ಲಾರ್ಕ್ ಇಂಗ್ಲೆಂಡಿನ ಹಳ್ಳಿಯ ಕಡೆಯಿಂದ ಬಂದು ಲಂಡನ್ನಿನ ಸರ್ಕಾರಿ ಕಚೇರಿಯಲ್ಲಿ ಶಿಕ್ಷಕರ ಪಿಂಚಣಿಯ ಲೆಕ್ಕವನ್ನು ತಪಾಸಣೆ ಮಾಡುತ್ತಿದ್ದ ತರುಣ. ವಿಜ್ಞಾನ ಕಥೆಗಳ ಹುಚ್ಚು ಅಭಿಮಾನಿ. ಅಭಿಮಾನಿಗಳೇ ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದ ಪತ್ರಿಕೆಗಳಿಗೆ ಬರೆಯುತ್ತಿದ್ದವರು. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ರೇಡಾರಿನ ಕೆಲಸ ಕಲಿತರು. ೧೯೪೫ರ ಅಕ್ಟೋಬರಿನಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಅವರ ಲೇಖನ ಬಂದಿತು. ಕಥೆಗೆ ಹಣ ಪಡೆಯುವ ವೃತ್ತಿ ಲೇಖಕರಾದುದು ಅದರ ಮುಂದಿನ ವರ್ಷ. ಅವರ ಊಹೆಯಲ್ಲಿಯೂ ಒಂದು ಎಡವಟ್ಟಿತ್ತು: ಆ ನಿಲ್ದಾಣಗಳಲ್ಲಿ ಮನುಷ್ಯರು ವಾಸವಾಗಿರಬೇಕೆಂದು ಅವರು ಭಾವಿಸಿದ್ದರು. ೧೯೬೪ರಲ್ಲಿ ಸಿಂಕಾಮ್-೩ ಆ ಕಕ್ಷೆಯಲ್ಲಿ ನಿಂತಾಗ ಅದರೊಳಗೆ ಯಾರೂ ಇರಲಿಲ್ಲ. ೧೯೫೬ರಿಂದ ಸಿಂಹಳದಲ್ಲಿ ನೆಲೆಸಿದ ಕ್ಲಾರ್ಕರ ಕೊಲಂಬೋ ಮನೆಯಲ್ಲಿ, ೧೯೭೫ರಲ್ಲಿ, ಹಳ್ಳಿಗಳಿಗೆ ಉಪಗ್ರಹದಿಂದ ಪಾಠ ಬಿತ್ತರಿಸುವ ಭಾರತದ ಪ್ರಯೋಗದ ಕಾಲಕ್ಕೆ, ನಮ್ಮ ದೇಶದ ಇಂಜಿನಿಯರರು ಹೋಗಿ ಒಂದು ತಟ್ಟೆಯನ್ನು ಕಟ್ಟಿಕೊಟ್ಟರು.

ಹಾಗಾದರೆ ಕಥೆಗಾರನು ಸುಳ್ಳನ್ನೇ ಹೇಳಬಾರದೇ? ಹೇಳಬಹುದು, ಹೇಳದಿದ್ದರೆ ಅದು ಕಥೆಯೇ ಅಲ್ಲ. ಆದರೆ ಸುಳ್ಳಿಗೆ ಒಂದೇ ಜಾಗ. ಒಂದು ಅಸಂಭವವನ್ನು ಒಪ್ಪಿಸಿದ ಮೇಲೆ ಮಿಕ್ಕುದೆಲ್ಲ ನಿತ್ಯದ ನಿಯಮದಂತೆಯೇ ನಡೆಯಬೇಕೆಂಬುದು ಎಚ್. ಜಿ. ವೆಲ್ಸ್ ಅವರ ಅಭಿಪ್ರಾಯವಾಗಿತ್ತು. ಕ್ಲಾರ್ಕರ ೧೯೭೯ರ 'ದಿ ಫೌಂಟನ್ಸ್ ಆಫ್ ಪ್ಯಾರಡೈಸ್' ಕಾದಂಬರಿ ಇದಕ್ಕೆ ಒಳ್ಳೆಯ ನಿದರ್ಶನ. ನಿಂತಿರುವ ಉಪಗ್ರಹದಿಂದ ಭೂಮಿಯ ತನಕ ಇಳಿಬಿಟ್ಟ ಹಗ್ಗದಲ್ಲಿ ಆಕಾಶಕ್ಕೆ ಲಿಫ್ಟು ಹತ್ತಿಸುವ ಕಥೆ ಅದು. ಅದರ ಬುಡವು ಸಮಭಾಜಕವೃತ್ತದ ಮೇಲಿದ್ದರೆ ಚೆನ್ನು. ಸಿಂಹಳ ಅಲ್ಲಿಲ್ಲ. ಕ್ಲಾರ್ಕರು ದ್ವೀಪವನ್ನೇ ಸುಮಾರು ೮೦೦ ಕಿಲೋಮೀಟರು ದಕ್ಷಿಣಕ್ಕೆ ಸರಿಸಿದರು. ಬೆಟ್ಟವೊಂದರ ಎತ್ತರವನ್ನೂ ಇಮ್ಮಡಿಸಿದರು. ಎರಡನ್ನೂ ಓದುಗರಿಗೆ ತಿಳಿಸಿದರು. ನಾವಾದರೋ ನಮ್ಮ ಉಪಗ್ರಹವನ್ನು ಯಾರಿಗೂ ಹೇಳದೆ ಸರಿಸಿದೆವು, ಏಕೆಂದರೆ ಸರಿಸುತ್ತಿದ್ದೇವೆಂದು ನಮಗೇ ತಿಳಿದಿರಲಿಲ್ಲ. ವ್ಯತ್ಯಾಸ ಇಷ್ಟೇ.

ಇಂತಹ ತಪ್ಪನ್ನು ಹಿಡಿಯುವವನು ಅಭಿಮಾನಿ. ಸಿನಿಮಾ ನಟರ ಅಭಿಮಾನಿಗಳಿಗೂ ಇವರಿಗೂ ಬಹಳ ಅಂತರವುಂಟು. ಇವರು ಹಾರ ಹಾಕುವುದಿಲ್ಲ, ಲೆಕ್ಕ ಕೇಳುತ್ತಾರೆ. ೧೯೨೬ರಲ್ಲಿ ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ 'ಅಮೇಜಿಂಗ್ ಸ್ಟೋರೀಸ್' ಎಂಬ ಪತ್ರಿಕೆಯನ್ನು ಹೊರಡಿಸಿ, ಓದುಗರ ಪತ್ರಗಳನ್ನು ಅವರ ವಿಳಾಸದೊಡನೆ ಅಚ್ಚುಮಾಡಿದರು. ಓದುಗರು ಒಬ್ಬರಿಗೊಬ್ಬರು ಕಾಗದ ಬರೆದುಕೊಂಡು ಸಂಘಗಳನ್ನು ಕಟ್ಟಿದರು. ೧೯೩೯ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಮೊದಲನೆಯ ಲೋಕಸಮ್ಮೇಳನ ನಡೆಯಿತು.

ಅಭಿಮಾನಿಗಳ ಕೈಗೆ ಸಿಕ್ಕಿದವರಲ್ಲಿ ಲ್ಯಾರಿ ನಿವೆನ್ ಪ್ರಸಿದ್ಧರು. ೧೯೭೦ರ ಅವರ 'ರಿಂಗ್‌ವರ್ಲ್ಡ್' ಕಾದಂಬರಿಯಲ್ಲಿ ಒಂದು ನಕ್ಷತ್ರದ ಸುತ್ತಲೂ ಬಳೆಯಂತೆ ಕಟ್ಟಿದ ಲೋಕವೊಂದಿದೆ. ಮೊದಲ ಮುದ್ರಣದಲ್ಲಿ ನಾಯಕನು ತನ್ನ ಹುಟ್ಟುಹಬ್ಬವನ್ನು ಉದ್ದ ಮಾಡುವುದಕ್ಕಾಗಿ ಊರಿಂದೂರಿಗೆ ಪೂರ್ವದಿಕ್ಕಿಗೆ ನೆಗೆಯುತ್ತ ಹೋಗುತ್ತಾನೆ, ಹೋಗಬೇಕಾದುದು ಪಶ್ಚಿಮಕ್ಕೆ. ಅದು ಆಮೇಲೆ ತಿದ್ದುಪಡಿಯಾಯಿತು. ದೊಡ್ಡ ತಪ್ಪು ಬೇರೆ ಇತ್ತು. ೧೯೭೧ರ ಸಮ್ಮೇಳನದಲ್ಲಿ ಎಂ.ಐ.ಟಿ. ವಿದ್ಯಾರ್ಥಿಗಳು, ಆ ಬಳೆ ಸ್ಥಿರವಾಗಿ ನಿಲ್ಲುವುದಿಲ್ಲವೆಂದು ಮೊಗಸಾಲೆಗಳಲ್ಲಿ ಕೂಗುತ್ತ ನಡೆದರಂತೆ. ಅವರು ಹೇಳಿದುದು ನಿಜ. ಬಳೆಯ ಕೇಂದ್ರದಲ್ಲಿ ನಕ್ಷತ್ರ ಸರಿಯಾಗಿ ಇರುವ ತನಕ ಎಲ್ಲ ಕಡೆಯ ಸೆಳೆತವೂ ಸಮನಾಗಿರುತ್ತದೆ. ಬಳೆಯು ಕೂದಲೆಳೆಯಷ್ಟು ಸರಿಯಿತೆನ್ನಿ. ಹತ್ತಿರವಾದ ಅಂಚನ್ನು ನಕ್ಷತ್ರವು ಇನ್ನೂ ಹೆಚ್ಚಾಗಿ ಎಳೆಯುತ್ತದೆ, ಅದು ಇನ್ನೂ ಹತ್ತಿರವಾಗುತ್ತದೆ, ಕಡೆಗೆ ಬಂದು ಬಡಿಯುತ್ತದೆ. ಬೋರಲು ಹಾಕಿದ ಬಟ್ಟಲಿನ ನೆತ್ತಿಯ ಮೇಲೆ ಇಟ್ಟ ಗೋಲಿಯ ಸ್ಥಿತಿಯೇ ಇದು. ಶನಿಗ್ರಹದ ಬಳೆ ಒಂದೇ ಗಟ್ಟಿ ತುಂಡಾಗಿರಲಾರದೆಂದು ಮ್ಯಾಕ್ಸ್‌ವೆಲ್ ೧೮೫೯ರಲ್ಲಿ ಪ್ರಕಟಿಸಿದ ಪ್ರಬಂಧದ ಹುರುಳೂ ಇದೇ. ನಿವೆನ್ ಕೋಪಿಸಿಕೊಳ್ಳಲಿಲ್ಲ. ಬಳೆಯನ್ನು ಜಾಗದಲ್ಲಿ ನಿಲ್ಲಿಸುವ ರಾಕೆಟ್ಟುಗಳನ್ನು ಅಂಚಿಗೆ ಜೋಡಿಸಿ ಎರಡನೆಯ ಕಾದಂಬರಿಯನ್ನೇ ಬರೆದರು. ಹಾಸನದವರ ಉಪಾಯವೇ ಅಲ್ಲವೇ!

ನಮ್ಮ ದೇಶದಲ್ಲಿಯೂ ದೊಡ್ಡ ಹವ್ಯಾಸಿಗಳಿದ್ದರು. ಖಗೋಳವಿಜ್ಞಾನಿ ಜಯಂತ ನಾರ್ಳೀಕರರು ೧೯೭೪ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿದ ಗುಪ್ತನಾಮದಲ್ಲಿ ಕಥೆ ಕಳುಹಿಸಿ ಬಹುಮಾನ ಪಡೆದರು. ಸಕಲೇಶಪುರಕ್ಕೆ ನೆರೆಯ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ಹವ್ಯಾಸಿ ಎನ್ನಲಾಗದು. ಆದರೆ ೧೯೮೦ರ ಅವರ 'ಕರ್ವಾಲೊ' ಕಾದಂಬರಿಯ ಹಾರುವ ಓತಿಯನ್ನು ಕೇವಲ ಕಲ್ಪನೆಯೆಂದು ತಿಳಿದಿರುವ ವಿದ್ಯಾರ್ಥಿಗಳು ಇರುವುದರಿಂದ ಹೇಳುತ್ತೇವೆ: ಪಕ್ಕೆಲುಬುಗಳ ಮೇಲೆ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುವ ಆ ಪ್ರಾಣಿ ಪಶ್ಚಿಮಘಟ್ಟದ ಅಡಕೆ ತೋಟಗಳಲ್ಲಿ ನಿಜವಾಗಿಯೂ ಉಂಟು.

ಈಗ ರೈಟರ ಸರದಿ. ನಮ್ಮ ತಪ್ಪನ್ನು ಹಿಡಿದ ಉತ್ಸಾಹದಲ್ಲಿ ಅವರು ತಾವೇ ಒಂದು ಕಥೆಯನ್ನು ಬರೆದು ತಂದರು. ವಸ್ತು ಆನೆ. ಆಲೂರು ಸಕಲೇಶಪುರಗಳಲ್ಲಿ ಬೇರೆ ವಸ್ತುವನ್ನು ಹುಡುಕಬೇಕಾಗಿಯೇ ಇಲ್ಲ. ಬೆಳಗಿನ ಕೆಲಸಕ್ಕೆ ಹೊರಟವರು ಕಾಫಿ ಗಿಡಗಳ ಮಧ್ಯೆ ಆನೆಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಸುದ್ದಿ ಇಲ್ಲಿ ಹೊಸದಲ್ಲ. ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ ೨೦೨೩ರ ಡಿಸೆಂಬರ್ ೪ರಂದು, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತುದು ಸಕಲೇಶಪುರ ತಾಲ್ಲೂಕಿನಲ್ಲಿಯೇ. ರೈಟರ ಕಥೆಯಲ್ಲಿ ತೋಟದ ಬೇಲಿಗೆ ಒಂದು ಯಂತ್ರ, ಆನೆಗಳು ಮಾತಾಡಿದೊಡನೆ ಅದು ಕೇಳಿಸಿಕೊಂಡು ಸೈರನ್ ಕೂಗುತ್ತದೆ, ಆಳುಗಳು ಲೈನಿಗೆ ಹಿಂದಿರುಗುತ್ತಾರೆ, ಯಾರೂ ಸಾಯುವುದಿಲ್ಲ.

ಇದರಲ್ಲಿ ವಿಜ್ಞಾನ ಸಾಕಷ್ಟಿದೆ. ೧೯೮೪ರಲ್ಲಿ ಕೇಟಿ ಪೇಯ್ನ್ ಎಂಬಾಕೆ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಿದ್ದಾಗ ಗಾಳಿಯಲ್ಲಿ ಏನೋ ಮಿಡಿದಂತೆ ಅನುಭವವಾಯಿತು. ಕಿವಿಗೆ ಏನೂ ಕೇಳಿಸಲಿಲ್ಲ. ಎಳೆಯ ವಯಸ್ಸಿನಲ್ಲಿ ಚರ್ಚಿನ ಆರ್ಗನ್ ವಾದ್ಯದ ಅತಿ ಮಂದ್ರಸ್ವರವು ಮೈಯಲ್ಲಿ ಹುಟ್ಟಿಸುತ್ತಿದ್ದ ನಡುಕವು ಆಕೆಗೆ ನೆನಪಾಯಿತು. ಧ್ವನಿಮುದ್ರಣ ಮಾಡಿ ನೋಡಿದಾಗ, ಸೆಕೆಂಡಿಗೆ ೧೪ರಿಂದ ೨೪ ಕಂಪನಗಳ ಸ್ವರದಲ್ಲಿ ಆನೆಗಳು ಸಂಭಾಷಿಸುತ್ತಿದ್ದುದು ತಿಳಿದುಬಂದಿತು. ನಮ್ಮ ಕಿವಿಯ ಕೆಳಮಿತಿ ಸುಮಾರು ೨೦. ಶಬ್ದದ ವೇಗ ಸೆಕೆಂಡಿಗೆ ೩೪೦ ಮೀಟರು. ೧೭ ಕಂಪನಗಳ ಸ್ವರವಾದರೆ ಅಲೆಯ ಉದ್ದ ೨೦ ಮೀಟರು. ತೋಟದ ಸಿಲ್ವರ್ ಓಕ್ ಮರದ ಬೊಡ್ಡೆ ಅದರ ಮುಂದೆ ಎಷ್ಟರದು! ಅಷ್ಟು ಉದ್ದದ ಅಲೆಯು ಮರಗಳನ್ನು ಬಳಸಿಕೊಂಡು ಚದುರದೆ ಸಾಗುತ್ತದೆ. ಗಾಳಿಯೂ ಅದನ್ನು ಕಡಮೆ ಹೀರುತ್ತದೆ. ಅದಕ್ಕೇ ಅದು ದೂರ ಹೋಗುವುದು. ಮುಂಗಾರಿನ ಗಾಳಿ ಬೀಸುವಾಗ ಮೈಕಿನಲ್ಲಿ ಇದೇ ಬಗೆಯ ಮಂದ್ರಸ್ವರದ ಗದ್ದಲ ತುಂಬುವುದೆಂಬ ಒಂದು ತೊಡಕನ್ನು ಮಾತ್ರ ನಾವು ಅವರಿಗೆ ತಿಳಿಸಿದೆವು.

"ಸರಿ ರೈಟರೇ, ಸುಳ್ಳಿನ ಜಾಗ ಯಾವುದು?" ಎಂದು ಕೇಳಿದೆವು.

"ಯಂತ್ರಾನೇ ಸುಳ್ಳು ಮೇಷ್ಟ್ರೇ" ಎಂದರು.

ಯಂತ್ರವು ಸುಳ್ಳಲ್ಲ, ಅಂತಹ ಮೈಕುಗಳಿವೆ. ಆನೆಯು ಬರುವ ಮುನ್ನ ಮಾತಾಡಿಯೇ ತೀರುವುದೆಂಬುದು ಸುಳ್ಳು. ಹಿಂಡಿನಲ್ಲಿ ಮಾತುಕತೆ ಇದ್ದೀತು. ಒಂಟಿ ಸಲಗಕ್ಕೆ ಯಾರೊಡನೆ ಮಾತು? ಮೆತ್ತೆಯಂತಹ ಪಾದ, ಒದ್ದೆ ನೆಲದ ಮೇಲೆ ಅದು ಹತ್ತು ಮಾರು ದೂರಕ್ಕೆ ಬಂದರೂ ಸದ್ದಾಗುವುದಿಲ್ಲ. ನಾವು ಇದನ್ನು ಹೇಳಿದಾಗ ರೈಟರು ಬಹಳ ಹೊತ್ತು ಸುಮ್ಮನಿದ್ದರು. ಬೆಳಿಗ್ಗೆ ಹಾಜರಿ ಕೂಗಿ ಆಳುಗಳನ್ನು ತೋಟದೊಳಕ್ಕೆ ಕಳುಹಿಸುವವರು ಅವರೇ ಅಲ್ಲವೇ?

"ಹಾಗಾದ್ರೆ ಯಂತ್ರ ಸುಮ್ನಿದ್ದ ದಿವಸ ಆನೆ ಇಲ್ಲ ಅಂದ್ಕೊಂಡು ನಾನು ಆಳು ಕಳಿಸಿಬಿಡ್ತೀನಲ್ಲ ಮೇಷ್ಟ್ರೇ" ಎಂದರು.

ಕಥೆಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕತ್ತಲಾಗುವ ಮೊದಲೇ ಎದ್ದು ಹೊರಟರು. ತಿದ್ದಿದ ಪ್ರತಿಯು ಮೊನ್ನೆ ನಮ್ಮ ಕೈಸೇರಿತು. ಹೊಸ ಕಥೆಯಲ್ಲಿ ಯಂತ್ರವು ರಾತ್ರಿಯೆಲ್ಲ ಮೌನವಾಗಿರುತ್ತದೆ. ಹಾಜರಿ ಮುಗಿದ ಮೇಲೆಯೂ ಕಥೆಯ ರೈಟರು ಆಳುಗಳನ್ನು ಕಣದಲ್ಲಿಯೇ ಕೂರಿಸಿ, ಕಾವಲುಗಾರನೊಡನೆ ಬೇಲಿಯ ಉದ್ದಕ್ಕೂ ಹೆಜ್ಜೆಗುರುತನ್ನೂ ಲದ್ದಿಯನ್ನೂ ನೋಡುತ್ತ ನಡೆಯುತ್ತಾರೆ. ಹಳ್ಳದ ಮಗ್ಗುಲಲ್ಲಿ ಒಂದು ಗುರುತು ಸಿಕ್ಕುತ್ತದೆ. ಅದರಲ್ಲಿ ನೀರು ಇನ್ನೂ ತಿಳಿಯಾಗಿಲ್ಲ. ಕಥೆ ಅಲ್ಲಿಗೆ ನಿಂತಿದೆ. ಹಳೆಯ ಹಾಜರಿ ಹಾಳೆಯ ಬೆನ್ನಿಗೆ ಬರೆದ ಪ್ರತಿ ಅದು. ಅಲೆಯ ಉದ್ದವನ್ನು ಇನ್ನೊಮ್ಮೆ ನೋಡಿಕೊಡಬೇಕೆಂದು ಕೆಳಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಮಗ್ಗುಲಲ್ಲಿ ಅಭ್ಯಾಸಬಲದಿಂದ ಆ ದಿನದ ಮಳೆ: ೨ ಇಂಚು ೪೦ ಸೆಂಟು.